ಗ್ಯಾಸ್ ಯೋಜನೆಯಲ್ಲಿ ನೆಲದವರಿಗೂ ಪಾಲು ಸಿಗಲಿ

ಮಾನ್ಯ ಸಂಪಾದಕರೇ,

ಮಗಳ ಮನೆಗೆ ಬಂದು ನಾಲ್ಕು ತಿಂಗಳಾಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಟೆರೇಸ್ ಎಂಬ ಸಣ್ಣ ಊರು. ಇಲ್ಲಿಂದ ಮುಕ್ಕಾಲು ಗಂಟೆ ದಾರಿ ಕಿಟಿಮ್ಯಾಟ್. ಅಲ್ಲಿ ಹೈಸ್ಲಾ ಎಂಬ ಮೂಲನಿವಾಸಿಗಳು ಗ್ಯಾಸ್ ಘಟಕವೊಂದರ ಯಜಮಾನರಾಗಿದ್ದಾರೆ. ಅದನ್ನು ನಮ್ಮವರಿಗೆ ಹೇಳಲೇಬೇಕು ಅನ್ನಿಸಿತು.

ಯೋಜನೆಯ ಹೆಸರು ಸೀಡರ್ ಎಲ್‌ಎನ್‌ಜಿ. ಪೈಪಿನಲ್ಲಿ ಬಂದ ಗ್ಯಾಸನ್ನು ತೇಲುವ ಘಟಕದಲ್ಲಿ ತಣ್ಣಗೆ ಮಾಡಿ, ದ್ರವವಾಗಿಸಿ ಹಡಗಿಗೆ ತುಂಬುವುದು ಇದರ ಉದ್ದೇಶ. ವರ್ಷಕ್ಕೆ ಸುಮಾರು 33 ಲಕ್ಷ ಟನ್. ಹಣ ಹೂಡುವ ಅಂತಿಮ ತೀರ್ಮಾನ ಆಗಿದ್ದು 2024ರ ಜೂನ್‌ನಲ್ಲಿ. ಪೆಂಬಿನಾ ಕಂಪನಿಯ ಪಾಲು ಶೇ 49.9, ಹೈಸ್ಲಾ ಜನರದು ಶೇ 50.1. ಅಂದರೆ ಅರ್ಧಕ್ಕಿಂತ ಜಾಸ್ತಿ!

ನಾನು ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಸಾಲದ ಫೈಲು ನೋಡಿದವನು. ನನಗೆ ಮೊದಲು ಬಂದ ಪ್ರಶ್ನೆ, ಇವರಿಗೆ ಸಾಲ ಹುಟ್ಟಿದ್ದು ಹೇಗೆ ಅಂತ. ಇವರ ರಿಸರ್ವ್ ಜಮೀನನ್ನು, ಅಂದರೆ ಸರ್ಕಾರ ಇವರಿಗಾಗಿ ಮೀಸಲಿಟ್ಟ ನೆಲವನ್ನು, ಬ್ಯಾಂಕಿಗೆ ಸುಮ್ನೆ ಅಡವಿಡುವಂತಿಲ್ಲ. ನಮ್ಮಲ್ಲಿ ಪಹಣಿ ಇಲ್ಲದ ರೈತ ಬಂದರೆ ನಾವೇನು ಮಾಡುತ್ತಿದ್ದೆವು, ಗೊತ್ತಲ್ವಾ? ಇಲ್ಲಿ ಮೂಲನಿವಾಸಿ ಸಮುದಾಯಗಳು ಸೇರಿ ತಮ್ಮದೇ ಹಣಕಾಸು ಸಂಸ್ಥೆ ನಡೆಸುತ್ತಿವೆ. ಒಟ್ಟಾಗಿ ಬಾಂಡ್ ಮಾರಿ, ಬಂದ ಹಣವನ್ನು ಸದಸ್ಯರಿಗೆ ಸಾಲ ಕೊಡುತ್ತಾರೆ, ನಮ್ಮ ಸಹಕಾರ ಸಂಘದ ಹಾಗೆ. ಇಂಥ ಪಾಲು ಕೊಳ್ಳುವ ಸಮುದಾಯಗಳ ಸಾಲಕ್ಕೆ ಜಾಮೀನು ನಿಲ್ಲಲು ಕೆನಡಾ ಸರ್ಕಾರವೂ 2024ರಲ್ಲಿ 500 ಕೋಟಿ ಡಾಲರ್ ತೆಗೆದಿಟ್ಟಿತು. ಮರುವರ್ಷ ಅದು 1000 ಕೋಟಿಯಾಯಿತು.

ಕಳೆದ ತಿಂಗಳು ಹೈಸ್ಲಾ ಹಳ್ಳಿಯ ದಡದಲ್ಲಿ ಕೊಡೆ ಹಿಡಿದು ನಿಂತಿದ್ದೆ. ಜಿಟಿಜಿಟಿ ಮಳೆ. ನೀರಿನಾಚೆ 1950ರ ದಶಕದಲ್ಲಿ ಬಂದ ಅಲ್ಯುಮಿನಿಯಂ ಕಾರ್ಖಾನೆ. ಆಮೇಲೆ ಕಾಗದದ ಗಿರಣಿಯೂ ಬಂತು. ಇವರ ಎಣ್ಣೆ ಮೀನು ಊಲಕನ್ ಹೊಳೆಯಿಂದ ಹೆಚ್ಚುಕಡಿಮೆ ಮಾಯವಾಯಿತು. ಆಗ ಇವರಿಗೆ ಯಾವ ಪಾಲೂ ಇರಲಿಲ್ಲ.

ಎಲ್ಲವೂ ಸರಿಯಾಗಿದೆ ಅಂತ ನಾನು ಹೇಳುತ್ತಿಲ್ಲ. ಈ ಘಟಕಕ್ಕೆ ಗ್ಯಾಸ್ ತರುವುದು 670 ಕಿ.ಮೀ. ಉದ್ದದ ಕೋಸ್ಟಲ್ ಗ್ಯಾಸ್‌ಲಿಂಕ್ ಪೈಪ್‌ಲೈನ್. ದಾರಿಯುದ್ದಕ್ಕೂ ಮೂಲನಿವಾಸಿಗಳ ಚುನಾಯಿತ ಮಂಡಳಿಗಳು ಒಪ್ಪಿದರೂ ವೆಟ್‌ಸುವೆಟೆನ್ ಜನರ ಪರಂಪರೆಯ ಮುಖಂಡರು ಒಪ್ಪಲಿಲ್ಲ. 2020ರಲ್ಲಿ ಅವರ ಪರವಾಗಿ ದೇಶದ ಹಲವೆಡೆ ರೈಲು ತಡೆದರು. ಆ ನೋವು ಇನ್ನೂ ಹಸಿಯಾಗಿದೆ. ಗ್ಯಾಸಿನ ಬೆಲೆ ಬಿದ್ದರೆ ಸಾಲದ ಹೊರೆ ಹೈಸ್ಲಾ ಮಕ್ಕಳ ತಲೆ ಮೇಲೂ ಬರಬಹುದು. ಗ್ಯಾಸ್ ದ್ರವವಾಗಿಸಿಕೊಳ್ಳಲು ಕಂಪನಿಗಳು ಇಪ್ಪತ್ತು ವರ್ಷ ಶುಲ್ಕ ಕೊಡುವ ಕರಾರುಗಳಿವೆ ಅನ್ನುವುದೊಂದೇ ಸಮಾಧಾನ.

ಇದನ್ನೆಲ್ಲ ನೋಡುವಾಗ ನೆನಪಾಗುವುದು ನಮ್ಮ ಭಾವನ ತೋಟ. ಗ್ಯಾಸ್ ಪೈಪು ಹೋಗಲು ಹನ್ನೊಂದು ತೆಂಗಿನ ಮರ ಕಡಿದರು. ಮರಕ್ಕೆ ಪರಿಹಾರ ಬಂತು. ನೆಲದ ಬಳಕೆಗೆ 1962ರ ಪೆಟ್ರೋಲಿಯಂ ಪೈಪ್‌ಲೈನ್ ಕಾಯ್ದೆಯಂತೆ ಜಮೀನಿನ ಬೆಲೆಯ ಶೇ 10, ಅದೂ ಒಂದೇ ಸಲ. ಹೆಸರು ಭಾವನದೇ, ಕಂದಾಯವೂ ಅವರದೇ. ಆದರೆ ಪೈಪು ಹೋದ ಆ ನೆಲದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಮರ ನೆಡುವಂತಿಲ್ಲ. ಗ್ಯಾಸ್ ಮಾತ್ರ ದಿನವೂ ಹರಿಯುತ್ತಿದೆ.

ಮುಂದಿನ ಪೈಪ್‌ಲೈನ್‌ಗೆ ಗುರುತು ಹಾಕುವ ಮೊದಲೇ ನಮ್ಮ ಸಂಸದರು ಈ ಕಾಯ್ದೆಯನ್ನು ಕೈಗೆತ್ತಿಕೊಳ್ಳಲಿ. ನೆಲ ಕೊಟ್ಟ ರೈತರು ಸಂಘ ಕಟ್ಟಿಕೊಂಡು ಪಾಲು ಕೊಳ್ಳಲು ದಾರಿ ಮಾಡಲಿ, ಅವರ ಸಾಲಕ್ಕೆ ಸರ್ಕಾರ ಜಾಮೀನು ನಿಲ್ಲಲಿ. ಬೇಡ ಅನ್ನುವವರ ಮಾತನ್ನೂ ಕೂರಿಸಿಕೊಂಡು ಕೇಳಲಿ.

– ನಿವೃತ್ತ ಬ್ಯಾಂಕ್ ಮ್ಯಾನೇಜರ್, ತಿಪಟೂರು (ಸದ್ಯ ಟೆರೇಸ್, ಕೆನಡಾ)