ರಾಜಿನಾಮಾ ಎಂದರೆ ಬಿಟ್ಟುಕೊಟ್ಟದ್ದಲ್ಲ

ಈ ಸಲದ ಎಳ್ಳ ಅಮಾವಾಸ್ಯೆಗೆ ಲಿಂಗಸುಗೂರು ತಾಲೂಕಿನ ನಮ್ಮ ತವರಿನ ಎರಿ ಹೊಲದಲ್ಲಿ ಎರಡು ಮನೆಯವರು ಕೂಡಿ ಚರಗ ಚೆಲ್ಲಿದೆವು, ಅಂದರೆ ಬುತ್ತಿಯ ತುತ್ತನ್ನು ಹೊಲಕ್ಕೆ ಅರ್ಪಿಸಿದೆವು. ಅಲ್ಲಿಗೆ ಮುಟ್ಟಲು ನನಗೆ ನಾಲ್ಕು ವರ್ಷ ಹಿಡಿಯಿತು. ಒಬ್ಬಳ ಕೈಲಾಗುವ ಕೆಲಸವಾಗಿರಲಿಲ್ಲ. ಕೈಹಿಡಿದು ನಡೆಸಿದವರ ಎದುರಿಗೆ ನಿಂತು ಹೇಳಲು ಹೋದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮುತ್ತ್ಯಾನ, ಅಂದರೆ ಅಜ್ಜನ ಅಪ್ಪ ದೊಡ್ಡ ಬರದಲ್ಲಿ ಕೃಷ್ಣೆ ದಾಟಿ ಬಂದವನು. ಮನೆಯಲ್ಲಿ ಉಳಿದಿದ್ದ ಮಾತು ಅಷ್ಟೇ. 1876ರಿಂದ 78ರವರೆಗಿನ ಆ ಬರ ಆಗಿನ ಕಲಾದಗಿ ಜಿಲ್ಲೆಯನ್ನು ಹಿಂಡಿಹಾಕಿತ್ತು. ಹತ್ತು ಹನ್ನೊಂದರ ಹುಡುಗ, ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ಇತ್ತ ನಿಜಾಮರ ಸೀಮೆಗೆ ಬಂದನಂತೆ. ದೊಡ್ಡವನಾದ ಮೇಲೆ ಕರಿಕೆ ಹಬ್ಬಿ ಬೀಳುಬಿದ್ದ ಹೊಲ ಹಿಡಿದು ಹಸನು ಮಾಡಿದ. ತಮ್ಮ ಮಾನಮೋಡಿ ಬೇನೆಯಲ್ಲಿ, ಅಂದರೆ 1918ರ ಇನ್‌ಫ್ಲುಯೆಂಜಾದಲ್ಲಿ ತೀರಿಕೊಂಡ. ಆದರೆ ಊರಲ್ಲಿ ಬೇರೆ ಮಾತೂ ಇತ್ತು: ಆ ಹೊಲ ಅವನೊಬ್ಬನದಲ್ಲ, ಬಾಯಿ ಇಲ್ಲದವರದ್ದು ಒತ್ತಿಕೊಂಡದ್ದು, ಅಂತ. ಅಪ್ಪ ಈ ಮಾತು ಕೇಳುತ್ತಲೇ ಮುದುಕರಾದರು. ತಿರುಗಿ ಏನು ಹೇಳಬೇಕೆಂದು ತಿಳಿಯದೆಯೇ ಹೋದರು. ಅವರ ತಿಥಿ ಮುಗಿದ ವಾರ ನಾನು ಅಟ್ಟದ ಮೇಲಿನ ಗಂಟು ಬಿಚ್ಚಿದೆ.

ಗಂಟಿನಲ್ಲಿ ಕಾಗದ ಬೇಕಾದಷ್ಟಿದ್ದವು, ಓದಲು ಬರುತ್ತಿರಲಿಲ್ಲ. ನಮ್ಮ ಕಡೆಯ ಹಳೆಯ ಕಂದಾಯದ ಕಾಗದ, ಕೋರ್ಟಿನ ಕಾಗದ ಎಲ್ಲ ಉರ್ದುವಿನವು. 1954–55ರ ಖಾಸ್ರಾ ಪಹಣಿಯಲ್ಲಿ ಮುತ್ತ್ಯಾನ ಹೆಸರಿದೆ ಎಂಬುದು ಮೊದಲೇ ಗೊತ್ತಿತ್ತು. ಅದರ ಹಿಂದಿನದು ಬೇಕಿತ್ತು. ರಾಯಚೂರು ಜಿಲ್ಲೆ ಎಂದು ಬರೆದು ಅರ್ಜಿ ಹಾಕಿದೆ, ಹುಡುಕಿದರು, ಸಿಗಲಿಲ್ಲ. ದಾಖಲೆ ಕೋಣೆಯಲ್ಲಿ ಕಟ್ಟು ಇಳಿಸಿಕೊಡುವ ಅಣ್ಣನೊಬ್ಬ, ನಾನು ಮೂರನೆಯ ಸಲ ಬರಿಗೈಯಲ್ಲಿ ಹೊರಟಾಗ, ಹಿಂದಿನಿಂದ ಕೂಗಿ ಕರೆದ. "ಅಕ್ಕಾ, 1905ರ ತನಕ ಲಿಂಗಸುಗೂರೇ ಒಂದು ಜಿಲ್ಲಾ ಇತ್ತರೀ. ಹಂಗ ಬರೆದು ಕೊಡ್ರಿ." ಹಾಗೆ ಬರೆದುಕೊಟ್ಟ ಮೇಲೆ ಶೇತವಾರ್, ಅಂದರೆ ಹಳೆಯ ಸರ್ವೆಯ ಹೊಲದ ಪಟ್ಟಿ ಸಿಕ್ಕಿತು: ಸರ್ವೆ ನಂಬರು, ಖುಷ್ಕಿ (ಒಣ ಬೇಸಾಯದ ಹೊಲ), 23 ಎಕರೆ 10 ಗುಂಟೆ, ಪಟ್ಟೇದಾರನ ಕಾಲಮ್ಮಿನಲ್ಲಿ ಅವನ ಹೆಸರು. ಅಣ್ಣಾ, ಆ ದಿನ ಚಹಾ ಕುಡಿಸಲು ಕರೆದರೂ ನೀನು ಬರಲಿಲ್ಲ. ಆ ಋಣ ಹಾಗೇ ಇದೆ.

ಇನ್ನು ಮಾಸ್ತರು. ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಕಣ್ಣಿನ ಆಪರೇಷನ್ ಆಗಿ ತಿಂಗಳೂ ಕಳೆದಿರಲಿಲ್ಲ. ನಮ್ಮ ಗಂಟಿನ ಕೋರ್ಟು ಕಾಗದ ಶಿಕಸ್ತಾ ಬರಹದ್ದು. ಗುಮಾಸ್ತರು ಅವಸರದಲ್ಲಿ ಚುಕ್ಕೆ ಬಿಟ್ಟು, ಶಬ್ದಕ್ಕೆ ಶಬ್ದ ಕೂಡಿಸಿ ಬರೆಯುವ ಕೈ ಅದು. ಚುಕ್ಕೆ ಇಲ್ಲದಿದ್ದರೆ 'ಪ' ಯಾವುದು 'ಬ' ಯಾವುದು? ನಮ್ಮ 'ಳ', 'ಣ' ಆ ಲಿಪಿಯಲ್ಲಿ ಇಲ್ಲವೇ ಇಲ್ಲ. ರೊಕ್ಕದ ಲೆಕ್ಕವಂತೂ ಅಂಕಿಯಲ್ಲಿಲ್ಲ, ರಖಮ್ ಎಂಬ ಗುರುತುಗಳಲ್ಲಿದೆ. ಮಾಸ್ತರು ಭೂತಗನ್ನಡಿ ಹಿಡಿದು ದಿನಕ್ಕೆ ನಾಲ್ಕು ಸಾಲು, ಹೆಚ್ಚೆಂದರೆ ಐದು ಸಾಲು ಓದುತ್ತಿದ್ದರು. ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ.

ಕಾಗದದ ತಲೆಯ ಮೇಲೆ 1337 ಎಂದಿತ್ತು. ಅದು ಹಿಜರಿ ಎಂದು ಬೇರೊಬ್ಬರು ಹೇಳಿದ್ದರಿಂದ ನಾನು 1918 ಎಂದೇ ನಂಬಿದ್ದೆ. ತಮ್ಮ ಸತ್ತ ವರ್ಷವೇ ಕೋರ್ಟು! ಅಣ್ಣನಾದವನು ಎಂಥವನಿರಬೇಕು ಎಂದು ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇನೆ. ಮಾಸ್ತರು ತಿಂಗಳ ಹೆಸರಿನ ಮೇಲೆ ಬೆರಳಿಟ್ಟರು. "ದೈ ಅಂತ ಹಿಜರಿಯೊಳಗ ತಿಂಗಳೇ ಇಲ್ಲವ್ವಾ. ಇದು ಫಸಲಿ, ನಿಜಾಮರ ಕಂದಾಯದ ವರ್ಷ. 590 ಕೂಡಿಸು." 1927. ಒಂಬತ್ತು ವರ್ಷದ ಅಂತರ.

ಆ ಕಾಗದದ ಹೆಸರು ರಾಜಿನಾಮಾ. ರಾಜೀನಾಮೆ ಕೊಟ್ಟು ಹೊಲ ಬಿಟ್ಟಿರಬೇಕು ಎಂದು ನಾನು ಹೆದರಿದ್ದೆ. ಬಿಟ್ಟುಕೊಟ್ಟದ್ದಲ್ಲ, ಇಬ್ಬರೂ ರಾಜಿಯಾದ ಪತ್ರ ಎಂದು ಮಾಸ್ತರು ಬಿಡಿಸಿ ಹೇಳಿದರು. ಮುದ್ದೈ, ಅಂದರೆ ದಾವೆ ಹಾಕಿದವಳು, ತಮ್ಮನ ಹೆಂಡತಿ. ತಮ್ಮನಿಗೆ ಹೆಂಡತಿ ಇದ್ದಳೆಂಬುದನ್ನೇ ನಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಕರಿಕೆ ಕಡಿದು ಹೊಲ ಮಾಡುವಾಗ ನನ್ನ ಗಂಡ, ನಾನು ಇಬ್ಬರೂ ದುಡಿದಿದ್ದೇವೆ, ಪಾಲು ಕೊಡಿಸಿ ಎಂದು ಆಕೆ ಹೇಳಿದ್ದಾಳೆ. ಕೂಡು ಮನೆತನ, ಹೊಟ್ಟೆಬಟ್ಟೆ ಬಿಟ್ಟು ಬೇರೆ ಹಕ್ಕಿಲ್ಲ ಎಂದು ನಮ್ಮವನು ಹೇಳಿದ್ದಾನೆ. ಆಗಿನ ಹಿಂದೂ ಕಾಯಿದೆ ಅವನ ಕಡೆಗೇ ಇತ್ತು, ಕೂಡು ಮನೆತನದ ವಿಧವೆಗೆ ಜೀವನಾಂಶದ ಹೊರತು ಪಾಲಿರಲಿಲ್ಲ. ಹಾಗಿದ್ದೂ ಕೊನೆಗೆ ಅವನು ಒಪ್ಪಿದ್ದಾನೆ: ಬನ್ನಿ ಗಿಡದಿಂದ ಮೂಡಲಕ್ಕೆ 5 ಎಕರೆ 20 ಗುಂಟೆ ಆಕೆಗೆ, ಆಕೆ ದತ್ತಕ ತಗೊಂಡವನಿಗೆ.

ಕೆಳಗೆ ಎರಡು ಹೆಬ್ಬೆಟ್ಟು. ಅವನದು ಅಗಲ, ಮಸಿ ಒತ್ತಿ ಒತ್ತಿ ಕಪ್ಪಾದದ್ದು, ನಟ್ಟನಡುವೆ ಅಡ್ಡಲಾಗಿ ಒಂದು ಬಿಳಿ ಗೆರೆ. ಕುಡಗೋಲೋ ಏನೋ ತಾಗಿದ ಹಳೆಯ ಗಾಯ. ಆಕೆಯದು ಸಣ್ಣದು, ಗೆರೆಗಳು ಸವೆದು ಅರ್ಧಕ್ಕರ್ಧ ಮೂಡಿಯೇ ಇಲ್ಲ. ಮಾಸ್ತರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನೂ ನೋಡಿದೆ. ನಮ್ಮ ಮನೆತನದಲ್ಲಿ ಆ ಕಾಲದ ಫೋಟೋ ಒಂದೂ ಇಲ್ಲ, ಅವರಿಬ್ಬರ ಮುಖ ಎಂದರೆ ನನಗೆ ಇದೇ. ಮಾಸ್ತರೇ, ಒಂದು ಪೈಸೆ ಮುಟ್ಟದೆ ಹನ್ನೊಂದು ತಿಂಗಳು ಓದಿಕೊಟ್ಟಿರಿ. ನಿಮ್ಮ ಮನೆಯವರು ಆ ಕಣ್ಣಿಗಾಗಿ ಎಷ್ಟು ಆತಂಕಪಟ್ಟಿದ್ದಾರೆಂದು ನನಗೆ ಗೊತ್ತು. ಅವರಿಗೂ ನನ್ನ ನಮಸ್ಕಾರ.

ಆ ಐದೂವರೆ ಎಕರೆ ಈಗ ಯಾರದು ಎಂಬುದನ್ನು ಕಂಡುಹಿಡಿದದ್ದು ಸರ್ವೇಯರ್ ತಮ್ಮ. ಅದೇ ನಂಬರಿನ ಹಿಸ್ಸಾ 2, ಅಡ್ಡಹೆಸರು ಬೇರೆ. ನಮ್ಮ ಬದುವಿಗೆ ಬದು ಹಚ್ಚಿ ಉಳುಮೆ ಮಾಡುತ್ತಿದ್ದ ಮನೆ. ಮಾತುಕತೆ ಇಲ್ಲದ ಮನೆ. ಯಾಕೆ ಇಲ್ಲ ಎಂದು ಎರಡೂ ಕಡೆಯವರಿಗೆ ಮರೆತುಹೋಗಿತ್ತು.

ಹೋಗಲು ಅಂಜಿದ್ದೆ. ತಕರಾರು ತೆಗೆಯಲು ಬಂದಳು ಎಂದುಕೊಂಡರೆ? ಆ ಮನೆಯ ಎಂಬತ್ತು ದಾಟಿದ ಕಾಕಿ ನನ್ನ ಕೈಯಲ್ಲಿದ್ದ ನಕಲು ಯಾವುದೆಂದು ಕೇಳಿಸಿಕೊಂಡರು, ಎದ್ದು ಒಳಗೆ ಹೋದರು, ತಗಡಿನ ಟ್ರಂಕು ಎಳೆದು ತಂದರು. ಅರಿಶಿನ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಅದೇ ರಾಜಿನಾಮಾದ ಇನ್ನೊಂದು ಪ್ರತಿ. ಅವರಿಗೂ ಅದು ಓದಲು ಬರುತ್ತಿರಲಿಲ್ಲ. ಪ್ರತಿ ದೀಪಾವಳಿಗೆ ಪೂಜೆ ಮಾತ್ರ ಮಾಡುತ್ತಿದ್ದರಂತೆ. ನಾನು ಓದಿ ಹೇಳಿದೆ. "ಕರಿಕಿ ಕಡಿದಾಳಂತ ಬರದೈತೇನು?" ಎಂದು ಎರಡು ಸಲ ಕೇಳಿದರು. ಬರೆದೈತಿ ಕಾಕಿ, ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡು, ಊಟ ಮಾಡದೆ ಹೋಗಬೇಡ ಎಂದರು.

ಕಾಕಿ, ನೀವು ಆ ದಿನ ಬಾಗಿಲು ಹಾಕಿದ್ದರೂ ನಾನು ತಪ್ಪೆನ್ನುತ್ತಿರಲಿಲ್ಲ. ನೀವು ಬುತ್ತಿ ಕಟ್ಟಿಕೊಂಡು ನಮ್ಮ ಹೊಲಕ್ಕೆ ಬಂದಿರಿ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎರಡು ಮನೆಯದೂ ಒಂದೇ ಬುಟ್ಟಿಯಲ್ಲಿ. ಬನ್ನಿ ಗಿಡ ಈಗಿಲ್ಲ, ಅದು ಇದ್ದ ಜಾಗದಲ್ಲಿ ನಿಂತು ಚರಗದ ಮೊದಲ ತುತ್ತನ್ನು ನೀವು ಆಕೆಯ ಹೆಸರು ಹೇಳಿ ಚೆಲ್ಲಿದಿರಿ, ಎರಡನೆಯದನ್ನು ನಾನು ಅಪ್ಪನ ಹೆಸರು ಹೇಳಿ ಚೆಲ್ಲಿದೆ.