ಐಸಿಯು ಹೊರಗೆ ಕೂತು ಪ್ರೂಫ್ ನೋಡಿದ ಅತ್ತಿಗೆಗೆ

ಪುಸ್ತಕ ಅಚ್ಚಾಗಿ ಕೈಗೆ ಬಂದಿದೆ. ಪಂಕ್ ಎಂಬ ಒರಟು, ಬಂಡಾಯದ ರಾಕ್ ಸಂಗೀತಕ್ಕಾಗಿ ಲಂಡನ್ನಿನಲ್ಲಿ ಅಭಿಮಾನಿಯೊಬ್ಬ ತಾನೇ ತಂದ ಪತ್ರಿಕೆ, ಅಂದರೆ ಫ್ಯಾನ್‌ಜೀನ್, ‘ಸ್ನಿಫಿನ್ ಗ್ಲೂ’ ಹುಟ್ಟಿ ಬೆಳೆದ ಕಥೆಯನ್ನು ಕನ್ನಡದಲ್ಲಿ ಬರೆಯಬೇಕೆಂಬ ಬಹುದಿನದ ಆಸೆ ಈಡೇರಿತು. ಹಳೆಯ ಸಂಚಿಕೆಗಳನ್ನು ಹುಡುಕಿಕೊಟ್ಟವರು, ಮುಖಪುಟ ಮಾಡಿದ ಗೆಳೆಯ, ಅಚ್ಚಿನ ಖರ್ಚಿಗೆ ಕೈಜೋಡಿಸಿದವರು, ಸಿಕ್ಕಾಗಲೆಲ್ಲ ‘ಎಲ್ಲಿಗೆ ಬಂತು?’ ಎಂದು ವಿಚಾರಿಸಿದವರು, ಎಲ್ಲರಿಗೂ ಮನಸಾರೆ ವಂದನೆ.

ಇನ್ನು ಅತ್ತಿಗೆಯ ವಿಷಯ.

ಅಪ್ಪ ಐಸಿಯುನಲ್ಲಿದ್ದ ಆ ರಾತ್ರಿ ಏನೇನಾಯಿತೆಂದು ಹತ್ತಿರದವರಿಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ಬೆಳಿಗ್ಗೆ ಕೊನೆಯ ಪ್ರೂಫ್ ಪ್ರೆಸ್ಸಿಗೆ ಹೋಗಬೇಕಿತ್ತು. ಪುಸ್ತಕವೂ ಬೇಡ, ಏನೂ ಬೇಡ ಅಂದುಬಿಟ್ಟೆ. ಅತ್ತಿಗೆ ವಾದಕ್ಕೆ ಬರಲಿಲ್ಲ. ನನ್ನ ಚೀಲದಿಂದ ಹಾಳೆಗಳನ್ನು ತೆಗೆದು, ತೊಡೆಯ ಮೇಲೆ ಪರೀಕ್ಷೆಯ ರಟ್ಟು ಇಟ್ಟುಕೊಂಡು, ಕೆಂಪು ಪೆನ್ನು ಹಿಡಿದು ಮೆಲ್ಲಗೆ ಓದತೊಡಗಿದರು. ನರ್ಸ್ ಹೆಸರು ಕೂಗಿದಾಗಲೆಲ್ಲ ನನಗಿಂತ ಮೊದಲು ಎದ್ದು, ಚೀಟಿ ಈಸಿಕೊಂಡು, ಕೆಳಗಿಳಿದು ಔಷಧಿ ತಂದುಕೊಟ್ಟು, ಬಿಟ್ಟ ಸಾಲಿಗೇ ಬೆರಳಿಟ್ಟು ಮುಂದುವರಿಸುತ್ತಿದ್ದರು.

ಅತ್ತಿಗೆ ಪಂಕ್ ಕೇಳಿದವರಲ್ಲ. ಆದರೆ ಅವರಷ್ಟು ಗಮನವಿಟ್ಟು ಈ ಕಥೆಯನ್ನು ಇನ್ಯಾರೂ ಓದಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಮಾರ್ಕ್ ಪೆರಿ 1976ರ ಜುಲೈನಲ್ಲಿ, ಅಮೆರಿಕದ ಪಂಕ್ ತಂಡ ರಾಮೋನ್ಸ್‌ನ ಹುಚ್ಚು ಹತ್ತಿಸಿಕೊಂಡು, ಸಣ್ಣ ಟೈಪ್‌ರೈಟರಿನಲ್ಲಿ ಮೊದಲ ಸಂಚಿಕೆ ಕುಟ್ಟಿ, ತಲೆಬರಹಗಳನ್ನು ಸ್ಕೆಚ್ ಪೆನ್ನಿನಲ್ಲಿ ಬರೆದ. ಜೆರಾಕ್ಸ್ ಆದದ್ದು ಸುಮಾರು 50 ಪ್ರತಿ. ಅಲ್ಲಿಗೆ ಬಂದಾಗ ಅತ್ತಿಗೆ ತಲೆಯೆತ್ತಿ, ‘ಜೆರಾಕ್ಸ್ ಯಾರು ಮಾಡಿಕೊಟ್ಟರು?’ ಎಂದರು. ಅವನ ಗೆಳತಿ, ತಾನು ಕೆಲಸ ಮಾಡುತ್ತಿದ್ದ ಕಡೆ ಮಾಡಿಸಿ ತಂದಳು ಅಂದೆ. ‘ಹಾಗಾದರೆ ಅವಳ ಮಾತೂ ಬರಲಿ’ ಎಂದು ಅಂಚಿನಲ್ಲಿ ಗುರುತು ಹಾಕಿದರು. ಆ ಸಾಲು ಈಗ ಪುಸ್ತಕದಲ್ಲಿದೆ.

ಮುಂದಿನ ಪ್ರಶ್ನೆ ಇನ್ನೂ ದೊಡ್ಡದು. ಸಾವಿರಗಟ್ಟಲೆ ಪ್ರತಿ ಹೋಗುತ್ತಿದ್ದಾಗ, 1977ರಲ್ಲೇ ಯಾಕೆ ನಿಲ್ಲಿಸಿದ? ನಾನು ಹೇಳುತ್ತಾ ಹೋದೆ. ನಮ್ಮದನ್ನು ಓದಿ ಸುಮ್ಮನಾಗಬೇಡಿ, ನಿಮ್ಮದೇ ಪತ್ರಿಕೆ ತನ್ನಿ ಎಂದು ಓದುಗರಿಗೆ ಕರೆ ಕೊಟ್ಟವನೇ ಅವನು. ಗ್ಲಾಸ್ಗೋದ ‘ರಿಪ್ಡ್ ಅಂಡ್ ಟಾರ್ನ್’ನಂಥ ಪತ್ರಿಕೆಗಳು ಆಗಲೇ ಬಂದಿದ್ದವು. ಲಂಡನ್ನಿನ ಪಂಕ್ ತಂಡ ಕ್ಲ್ಯಾಶ್, ಸಿಬಿಎಸ್ ಎಂಬ ದೊಡ್ಡ ರೆಕಾರ್ಡ್ ಕಂಪನಿಯ ಕರಾರಿಗೆ ಸಹಿ ಹಾಕಿಯಾಗಿತ್ತು. ಪೆರಿ ತನ್ನದೇ ಸಂಗೀತ ತಂಡ ಕಟ್ಟಿದ್ದ. ಪತ್ರಿಕೆ ತನ್ನ ಕೆಲಸ ಮುಗಿಸಿತ್ತು. ಮುಗಿಸಿತ್ತು ಅನ್ನುವಾಗ ಗಂಟಲು ಕಟ್ಟಿತು. ಅಪ್ಪ ಉಳಿಯದಿದ್ದರೆ ಎಂಬ ಮಾತು, ಸಂಜೆಯಿಂದ ಹಲ್ಲು ಕಚ್ಚಿ ತಡೆದಿದ್ದು, ಬಾಯಿಗೆ ಬಂದೇಬಿಟ್ಟಿತು. ಜೋರಾಗಿ ಅತ್ತೆ. ಅತ್ತಿಗೆ ಸಮಾಧಾನದ ಮಾತು ಆಡಲಿಲ್ಲ, ಅಳಬೇಡ ಎನ್ನಲೂ ಇಲ್ಲ. ಪೆನ್ನು ಪಕ್ಕಕ್ಕಿಟ್ಟು ಬೆನ್ನ ಮೇಲೆ ಕೈಯಿಟ್ಟು ಕೂತರು. ನಾನೇ ಹಾಳೆ ಎತ್ತಿಕೊಡುವ ತನಕ ಹಾಗೇ ಕೂತಿದ್ದರು.

ಅಪ್ಪ ಈಗ ಮನೆಯಲ್ಲಿದ್ದಾರೆ. ನಡಿಗೆ ನಿಧಾನ, ಮಾತು ಮೊದಲಿನಷ್ಟೇ ಗಟ್ಟಿ. ಸಂಜೆ ಹೊತ್ತು ಪುಸ್ತಕ ಓದಿಸಿ ಕೇಳುತ್ತಾರೆ.

ಅತ್ತಿಗೆ, ಎರಡನೇ ಪುಟದಲ್ಲಿ ‘ಕರಡು ತಿದ್ದಿದವರು’ ಎಂಬಲ್ಲಿ ನಿಮ್ಮ ಹೆಸರಿದೆ. ಬೇಡ ಅಂದಿದ್ದಿರಿ. ನಾನು ತೆಗೆಸಲಿಲ್ಲ.