ಅಕ್ಕನಿಗೆ, ಕಿರಣನ ವಿಷಯವಾಗಿ

ಲೀಡ್ಸ್, ಇಂಗ್ಲೆಂಡ್

ಪ್ರೀತಿಯ ಅಕ್ಕನಿಗೆ ಸುಮಾ ಮಾಡುವ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಅವ್ವನ ಮಂಡಿನೋವು ಈಗ ಹೇಗಿದೆ? ಮೊನ್ನೆ ಫೋನಿನಲ್ಲಿ ಕಿರಣನ ವಿಷಯ ಹೇಳುತ್ತಿದ್ದ ಹಾಗೇ ನೀನು ಅಳುವುದಕ್ಕೆ ಶುರು ಮಾಡಿದೆ, ಮಾತು ಅಲ್ಲಿಗೇ ನಿಂತಿತು. ಅದಕ್ಕೇ ಈ ಕಾಗದ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅವನು ಇನ್ನೂ ಏನೂ ತೀರ್ಮಾನ ಮಾಡಿಲ್ಲ ಅಕ್ಕ. ತಾನು ಹೆಣ್ಣು ಅಂತ ಚಿಕ್ಕಂದಿನಿಂದ ಅನಿಸುತ್ತಿದೆ ಅಂದ. ಹಾಗೇ ಬದುಕಬೇಕಾ, ಅದಕ್ಕೆ ಚಿಕಿತ್ಸೆ ತಗೊಳ್ಳಬೇಕಾ ಅಂತ ಯೋಚಿಸುತ್ತಿದ್ದಾನೆ. "ಸದ್ಯಕ್ಕೆ ಮಗ ಅಂತಲೇ ಕರಿ ಅಮ್ಮ, ಬದಲಾಯಿಸೋ ಹೊತ್ತಿಗೆ ನಾನೇ ಹೇಳ್ತೀನಿ" ಅಂದಿದ್ದಾನೆ.

ನಾಳೆಯೇ ಆಪರೇಷನ್ ಅಂತ ನೀನು ಹೆದರಿದ್ದೀಯ, ಅಲ್ವಾ? ಹಾಗೆಲ್ಲ ಇಲ್ಲ. ಇಲ್ಲಿ ಮೊದಲು ನಮ್ಮ ಡಾಕ್ಟರು ಜೆಂಡರ್ ಕ್ಲಿನಿಕ್‌ಗೆ ಬರೆದುಕೊಡಬೇಕು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಮೊದಲ ಭೇಟಿಗೇ ವರ್ಷಗಟ್ಟಲೆ ಕಾಯಬೇಕು. ಆಮೇಲೆ ಮಾತುಕತೆ, ಬೇಕೆಂದರೆ ಹಾರ್ಮೋನು. ಅದರಿಂದ ಚರ್ಮ ಮೆತ್ತಗಾಗುತ್ತದೆ, ತೋಳಿನ ಬಲ ಇಳಿಯುತ್ತದೆ. ಔಷಧಿ ಬಿಟ್ಟರೆ ಅವು ಮೊದಲಿನ ಹಾಗಾಗಬಹುದು, ಆದರೆ ಬೆಳೆದ ಎದೆ ಹಾಗೇ ಉಳಿಯುತ್ತದೆ. ಮುಂದೆ ಮಕ್ಕಳಾಗುವುದಕ್ಕೂ ತೊಂದರೆಯಾಗಬಹುದು. ಅದಕ್ಕೇ ಶುರು ಮಾಡುವ ಮುಂಚೆ ವೀರ್ಯ ತೆಗೆದಿಡುತ್ತೀರಾ ಅಂತ ಕೇಳುತ್ತಾರೆ. ಇಷ್ಟನ್ನೂ ಅವನೇ ಹೇಳಿದ, ಸಿಂಕಿನ ಮುಂದೆ ನಿಂತು, ನನ್ನ ಕಡೆ ತಿರುಗದೆ. ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದ. ಆಪರೇಷನ್ ಬೇರೆಯೇ ಮಾತು, ಎಲ್ಲರೂ ಮಾಡಿಸಿಕೊಳ್ಳುವುದಿಲ್ಲವಂತೆ.

ಡಾಕ್ಟರ ಹತ್ತಿರ ಇವರೇ ಕಾರಿನಲ್ಲಿ ಕರೆದುಕೊಂಡು ಹೋದರು. ಒಳಗೆ ಹೋಗಲಿಲ್ಲ. 26 ವರ್ಷದವನ ಜೊತೆ ಅಪ್ಪ ಯಾಕೆ? ಹೊರಗೆ ಕ್ರಿಕೆಟ್ ಕಾಮೆಂಟರಿ ಕೇಳುತ್ತಾ ಕೂತಿದ್ದರಂತೆ. ಯಾರು ಗೆದ್ದರು ಅಂದರೆ ಗೊತ್ತಿಲ್ಲ ಅಂದರು.

ನನಗೂ ಹೆದರಿಕೆ ಇದೆ. ರಾತ್ರಿ ನಿದ್ದೆ ಬರುವುದಿಲ್ಲ. ಅದನ್ನು ಇವರ ಹತ್ತಿರ ಹೇಳಿಕೊಳ್ಳುತ್ತೇನೆ, ಅವನ ಹತ್ತಿರ ಅಲ್ಲ. ಮಾಡಿಕೋ ಅಂತಲೂ ಅನ್ನುವುದಿಲ್ಲ, ಬೇಡ ಅಂತಲೂ ಅನ್ನುವುದಿಲ್ಲ.

"ಮದುವೆ ಮಾಡಿದರೆ ಸರಿಹೋಗುತ್ತೆ" ಅಂದೆಯಲ್ಲ, ಆ ಮಾತು ಮಾತ್ರ ಇನ್ನೊಮ್ಮೆ ಆಡಬೇಡ. ಯಾರದೋ ಮನೆ ಹೆಣ್ಣುಮಗಳ ಬಾಳು ಯಾಕೆ ಹಾಳು ಮಾಡೋಣ? ಭಾವ "ಆ ದೇಶದ ಗಾಳಿ" ಅಂದರಂತೆ. ಹೊಸಪೇಟೆಯಲ್ಲಿ ಕೂತು ಈ ಮಾತಾ! ಹುಲಿಗೆಮ್ಮನ ಜಾತ್ರೆಯಲ್ಲಿ, ಗಂಡಾಗಿ ಹುಟ್ಟಿ ಸೀರೆ ಉಟ್ಟು ದೇವಿಯ ಸೇವೆ ಮಾಡುವ ಜೋಗತಿಯರಿಗೆ ಕೈಮುಗಿದು ಬೆಳೆದವರಲ್ವಾ ನಾವು? 2021ರಲ್ಲಿ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದರಲ್ಲ, ಆ ವಿಡಿಯೋವನ್ನು "ನಮ್ಮ ಕಡೆಯವರು" ಅಂತ ನನಗೆ ಕಳಿಸಿದ್ದೇ ಭಾವ. ಆಕೆ ಚಿಕ್ಕ ವಯಸ್ಸಿನಲ್ಲಿ ಮನೆ ಬಿಟ್ಟು ಭಿಕ್ಷೆ ಬೇಡಿ ಬದುಕಿದವರು. ನನ್ನ ಮಗು ಮನೆ ಬಿಡುವ ಹಾಗಾಗಬಾರದು, ಅಷ್ಟೇ ಅಕ್ಕ. ಕೋರ್ಟಿನ ಮಾತು ಬೇಕು ಅಂದರೆ, ತಾನು ಗಂಡೋ ಹೆಣ್ಣೋ ಅಂತ ಹೇಳಿಕೊಳ್ಳುವ ಹಕ್ಕು ಅವರವರದ್ದೇ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿತ್ತು. ಭಾವನಿಗೆ ಓದಿ ಹೇಳು.

ಡಿಸೆಂಬರಿನಲ್ಲಿ ರಾಧಿಯ ಮದುವೆಗೆ ಮೂವರೂ ಬರುತ್ತೇವೆ. ಕಿರಣ ಕೂದಲು ಬಿಟ್ಟಿದ್ದಾನೆ, ಎರಡೂ ಕಿವಿಗೆ ಓಲೆ ಇದೆ. ನೆಂಟರು ಕೇಳಿದರೆ ಏನೂ ವಿವರಿಸಬೇಡ, "ನಮ್ಮ ಕಿರಣ" ಅಂದರೆ ಸಾಕು. ಅವ್ವನಿಗೆ ಎದುರಿಗೆ ಕೂತು ತಾನೇ ಹೇಳುತ್ತಾನಂತೆ, ನೀನು ಮುಂಚೆ ಬಾಯಿಬಿಡಬೇಡ. ಇಷ್ಟು ಆಗುವುದಿಲ್ಲ ಅನಿಸಿದರೆ ನೇರವಾಗಿ ಹೇಳು, ಹೊರಗೆ ರೂಮ್ ಮಾಡಿಕೊಳ್ಳುತ್ತೇವೆ. ಟಿಕೆಟ್ ತಿಂಗಳ ಕೊನೆಗೆ ತಗೊಳ್ಳಬೇಕು. ಅಷ್ಟರೊಳಗೆ ಫೋನ್ ಮಾಡು.

ನಿನ್ನ ತಂಗಿ,
ಸುಮಾ